ರುಮಾಲಿನ ಗಂಟಿನೊಳಗೆ ಬೇವಿನ ಹೂವು

ಬೆಳಗಿನ ಆರು ಗಂಟೆ. ಸವದತ್ತಿ ಸೀಮೆಯ ಒಂದು ಸರ್ಕಾರಿ ಕಚೇರಿಯ ಹಿಂದಿನ ಕೋಣೆಯಲ್ಲಿ ಶಟ್ಟೆಪ್ಪ ಮೂಗಿಗೆ ಟವೆಲ್ ಸುತ್ತಿಕೊಂಡು ಏಣಿಯ ಮೇಲೆ ನಿಂತಿದ್ದಾರೆ. ಕೆಂಪು ಅರಿವೆಯಲ್ಲಿ ಕಟ್ಟಿದ ಕಾಗದದ ಹೊರೆಯೊಂದನ್ನು ಎದೆಗವಚಿಕೊಂಡು ಇಳಿಯುತ್ತಾರೆ, ನೆಲಕ್ಕಿಟ್ಟು ಗಂಟು ಬಿಚ್ಚುತ್ತಾರೆ. ಈ ಹೊರೆಗೆ ಇಲ್ಲಿ ರುಮಾಲು ಎಂದು ಹೆಸರು. ಯಾವ ಕಚೇರಿ ಎಂದು ಪತ್ರಿಕೆಯಲ್ಲಿ ಬರೆಯಬೇಡಿರೆಂದು ದೊಡ್ಡ ಸಾಹೇಬರು ಕೇಳಿಕೊಂಡಿದ್ದಾರೆ; ಆಯಿತು, ಬರೆಯುವುದಿಲ್ಲ. ಶಟ್ಟೆಪ್ಪನವರ ಬಗ್ಗೆ ಬರೆಯಬೇಡಿರೆಂದು ಯಾರೂ ಹೇಳಿಲ್ಲ.

ಬಾಗಿಲ ಮೆಟ್ಟಿಲ ಮೇಲೆ ಹೂಲಿಯ ಲಗಮವ್ವ ಕುಳಿತಿದ್ದಾರೆ. ಗೇಣಿದಾರರಿಗೆ ಹೊಲ ಕೊಡಿಸುವ ಕಾನೂನು ಬಂದು ಇದು ಮೂರನೇ ವರ್ಷ, ನ್ಯಾಯಮಂಡಳಿಯ ಮುಂದೆ ಅವರ ಅರ್ಜಿ ಇದೆ. ಗಂಡ ಇಪ್ಪತ್ತು ವರ್ಷದ ಹಿಂದೆಯೇ ಆ ಹೊಲ ಮಾಡುತ್ತಿದ್ದರು ಎಂಬುದಕ್ಕೆ ಪುರಾವೆ ಬೇಕು. ಗಂಡ ಈಗಿಲ್ಲ. ಹೊಲದ ಒಡೆಯರಿಗೆ ಅದು ನೆನಪೇ ಇಲ್ಲವಂತೆ!

"ಅಷ್ಟ ವರ್ಷ ಕೂರಿಗಿ ಹೂಡೇವ್ರಿ. ಆದ್ರ ಹೊಲ ಎದ್ದ ಬಂದು ಸಾಕ್ಷಿ ಹೇಳತೈತೇನ್ರಿ? ಕಾಗದನ ಹೇಳಬೇಕು," ಎನ್ನುತ್ತಾರೆ ಲಗಮವ್ವ.

ನಾನು ಗಡಿಯಾರ ನೋಡಿಕೊಂಡೆ. ಏಳನೇ ನಿಮಿಷಕ್ಕೆ ಶಟ್ಟೆಪ್ಪನವರ ಬೆರಳು ಹಳದಿಯಾದ ಹಾಳೆಯ ಒಂದು ಸಾಲಿನ ಮೇಲೆ ನಿಲ್ಲುತ್ತದೆ. ಸಾಗುವಳಿ ಮಾಡಿದವರ ಕಾಲಮ್ಮಿನಲ್ಲಿ ಲಗಮವ್ವನ ಗಂಡನ ಹೆಸರಿದೆ. ಓದು ಬಾರದ ಆ ಹೆಂಗಸು ಅದನ್ನು ಮೂರು ಸಲ ಓದಿಸಿ ಕೇಳುತ್ತಾರೆ. ಮೂರನೇ ಸಲಕ್ಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಕಲ ಯಾವಾಗ ಸಿಗತೈತ್ರಿ?" ಎನ್ನುತ್ತಾರೆ.

ಕೋಣೆಯಲ್ಲಿ ಹದಿನಾಲ್ಕು ಕಪಾಟು, ಆರು ನೂರ ಮೂವತ್ತೆರಡು ರುಮಾಲು. ದಿನಕ್ಕೆ ಹತ್ತು-ಹನ್ನೆರಡು ಜನ ಬರುತ್ತಾರೆ, ಸಿರಸಂಗಿಯಿಂದ, ಉಗರಗೋಳದಿಂದ, ಇನ್ನೂ ಎಲ್ಲೆಲ್ಲಿಂದಲೋ. ಯಾವ ಕಾಗದ ಯಾವ ರುಮಾಲಿನಲ್ಲಿದೆ ಎಂಬ ಪಟ್ಟಿ ಇಲ್ಲಿಲ್ಲ. ಇದ್ದದ್ದನ್ನು ಗೆದ್ದಲು ತಿಂದು ವರ್ಷಗಳಾದವು. ಈಗ ಶಟ್ಟೆಪ್ಪನವರ ತಲೆಯೇ ಪಟ್ಟಿ.

ಉಗರಗೋಳದ ಈ ಮನುಷ್ಯ ಹತ್ತೊಂಬತ್ತನೇ ವಯಸ್ಸಿಗೆ ಸಿಪಾಯಿಯಾಗಿ ಸೇರಿದವರು. ಸಿಪಾಯಿಯ ಮೊದಲ ಕೆಲಸ ಸಾಹೇಬರಿಗೆ ನೀರು ಕೊಡುವುದು. "ನಾ ಕೊಟ್ಟ ನೀರ ಯಾರೂ ಕುಡೀಲಿಲ್ರಿ. ಕೊಡ ಮುಟ್ಟಬ್ಯಾಡ ಅಂದ್ರು, ಈ ಕ್ವಾಣ್ಯಾಗ ತಂದ ಒಗದ್ರು. ಕಾಗದಕ್ಕೇನ ಮೈಲಿಗಿ ಇಲ್ಲಲ್ರಿ? ಛಲೋನ ಆತ ಬಿಡ್ರಿ," ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ. ಇಲ್ಲಿದ್ದ ಮುದುಕ ಕಾರಕೂನರೊಬ್ಬರು ಅವರಿಗೆ ಹಳೆಯ ಮರಾಠಿ ಬರಹದ ಮೋಡಿ ಅಕ್ಷರ ಕಲಿಸಿದರು. ಮುಂಬಯಿ ಸರ್ಕಾರದ ಕಾಲದ ಕಾಗದಗಳು ಬಹಳಷ್ಟು ಆ ಲಿಪಿಯಲ್ಲೇ ಇವೆ. ಇಡೀ ಕಚೇರಿಯಲ್ಲಿ ಈಗ ಅದನ್ನು ಓದಬಲ್ಲವರು ಇವರೊಬ್ಬರೇ.

ಇಂಥವರನ್ನು ಮನೆಯಲ್ಲೇ ಇಟ್ಟುಕೊಂಡು, ಹಳೆಯ ಕಾಗದ ಏನು ಮಾಡೋಣ ಎಂದು ಸರ್ಕಾರ ಮುಂಬಯಿಯ ಒಂದು ಖಾಸಗಿ ಸಲಹಾ ಕಂಪನಿಯನ್ನು ಕೇಳಿತು. ಯಾಕೆ ಕೇಳಿತೋ! ಕಳೆದ ಶ್ರಾವಣದಲ್ಲಿ ಟೈ ಕಟ್ಟಿದ ಇಬ್ಬರು ತರುಣರು ಜೀಪಿನಲ್ಲಿ ಬಂದಿಳಿದರು. ಕೋಣೆಯ ಧೂಳಿಗೆ ಒಬ್ಬರಿಗೆ ಸೀನು ಹತ್ತಿತು, ನಿಲ್ಲಲಿಲ್ಲ. "ನಲವತ್ತು ರುಮಾಲು ತೆಗೆದಿಡು, ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದು ನೋಡುತ್ತೇವೆ" ಎಂದು ಹೊರಟರು.

ಶಟ್ಟೆಪ್ಪ ತೆಗೆದಿಟ್ಟರು. ಕಾದರು. ಸಂಜೆ ಐದಾಯಿತು. ಐದಕ್ಕೆ ರಜಿಸ್ಟರಿನಲ್ಲಿ ಆ ದಿನದ್ದು ಬರೆದು ಕೆಳಗೆ ಕೆಂಪು ಗೆರೆ ಎಳೆಯಲೇಬೇಕು; ಗೆರೆ ಎಳೆಯದಿದ್ದರೆ ಮರುದಿನ ಬೈಗುಳ. ಇನ್ನೇನು ಬಂದೇ ಬರುತ್ತಾರೆ ಎಂದುಕೊಂಡು ಅವರು ಒಂದರಿಂದ ನಲವತ್ತರವರೆಗಿನ ರುಮಾಲುಗಳ ಮುಂದೆ 'ನೋಡಿದರು' ಎಂದು ಬರೆದು, ಸಹಿ ಹಾಕಿ, ಗೆರೆ ಎಳೆದುಬಿಟ್ಟರು. ಆ ತರುಣರ ಜೀಪು ಗುಡ್ಡ ಇಳಿದದ್ದೇ ಬೆಳಗಾವಿಯ ದಾರಿ ಹಿಡಿದಿತ್ತು.

"ದೊಡ್ಡವರು ಬರತೇವಿ ಅಂದ್ರ ಬರತಾರ ಅಂತ ತಿಳದ್ನಿ. ತಪ್ಪ ನಂದ ಐತ್ರಿ."

ದೀಪಾವಳಿಯ ಹೊತ್ತಿಗೆ ಕಂಪನಿಯ ವರದಿ ಬಂತು, ಒಳ್ಳೆಯ ರಟ್ಟಿನ ಕಟ್ಟಿನಲ್ಲಿ. ನಲವತ್ತು ರುಮಾಲು ಪರೀಕ್ಷಿಸಿದೆವು, ಯಾರೂ ಕೇಳದ ಕಾಗದ, ಮೂವತ್ತು ವರ್ಷಕ್ಕಿಂತ ಹಳೆಯದನ್ನು ಸುಡಬಹುದು, ಉಳಿದದ್ದನ್ನು ಬೆಳಗಾವಿಗೆ ಸಾಗಿಸಿ ಕೋಣೆ ಮುಚ್ಚಬಹುದು ಎಂದು ಅದರಲ್ಲಿತ್ತು. ಮೆಟ್ಟಿಲ ಮೇಲೆ ಕುಳಿತ ಜನ ಇನ್ನು ಹೋಗುವುದೆಲ್ಲಿಗೆ? ಬೆಳಗಾವಿಯಲ್ಲಿ ಅವರ ಕಾಗದ ಹುಡುಕಿ ಕೊಡುವವರು ಯಾರು?

ಅಷ್ಟರಲ್ಲಿ ಸರ್ಕಾರ ಖಾಸಗಿ ಕಂಪನಿಗಳಿಗೆ ವಹಿಸಿದ ಕೆಲಸಗಳನ್ನೆಲ್ಲ ಪರಿಶೀಲಿಸಲು ಮೂವರ ಸಮಿತಿಯೊಂದು ನೇಮಕವಾಯಿತು. ಸಂಕ್ರಾಂತಿ ಕಳೆದ ಮೇಲೆ ಅದು ಇಲ್ಲಿಗೂ ಬಂತು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಕಂಪನಿಯವರು ಕಚೇರಿಯಿಂದ ತರಿಸಿಕೊಂಡು ಒಪ್ಪಿಸಿದ್ದ ಒಂದೇ ಒಂದು ಸಾಕ್ಷಿ ರಜಿಸ್ಟರಿನ ಆ ಪುಟದ ನಕಲು, ಕೆಳಗೆ ಶಟ್ಟೆಪ್ಪನವರ ಸಹಿ.

ಹಿಂದಿನ ದಿನ ಹೆಂಡತಿ ಸಾವಂತ್ರೆವ್ವ ಜಬರಿಸಿದ್ದರು. "ಪಿಂಚಣಿಗೆ ಎರಡ ವರ್ಷ ಉಳದಾವ. ಸುಮ್ನ ಬಾಯಿ ಮುಚಗೊಂಡ ಕುಂದ್ರು ಅಂದಿದ್ನಿ," ಎಂದು ನನಗೂ ಹೇಳಿದರು. ಶಟ್ಟೆಪ್ಪ ಸುಮ್ಮನೆ ಕೂರಲಿಲ್ಲ. ಸಹಿ ನನ್ನದೇ, ಬರೆದದ್ದು ಮಾತ್ರ ಸುಳ್ಳು ಎಂದುಬಿಟ್ಟರು.

"ಆಗ ಸುಳ್ಳು ಬರೆದವನು ಈಗ ಖರೆ ಹೇಳುತ್ತೀ ಎಂದು ಹೇಗೆ ನಂಬಲಿ?" ಎಂದರು ಅಧ್ಯಕ್ಷರು. ನ್ಯಾಯವಾದ ಪ್ರಶ್ನೆಯೇ.

"ನನ್ನ ನಂಬಬ್ಯಾಡ್ರಿ, ರುಮಾಲ ಬಿಚ್ಚಿ ನೋಡ್ರಿ," ಎಂದರು ಶಟ್ಟೆಪ್ಪ.

ಪ್ರತಿ ವರ್ಷ ಯುಗಾದಿಗೆ ಅವರು ಎಲ್ಲ ರುಮಾಲುಗಳನ್ನೂ ಬಿಚ್ಚಿ, ಝಾಡಿಸಿ, ಹುಳ ಬೀಳದಿರಲೆಂದು ಗಂಟಿನ ಒಳಮಡಿಕೆಯಲ್ಲಿ ಬೇವಿನ ತೊಪ್ಪಲು ಇಟ್ಟು ಕಟ್ಟುತ್ತಾರೆ. ಆಗ ಬೇವು ಹೂಬಿಟ್ಟಿರುತ್ತದೆ, ತೊಪ್ಪಲಿನ ಜೊತೆ ಹೂವೂ ಗಂಟಿಗೆ ಸೇರುತ್ತದೆ. ನಡುವೆ ಯಾರಿಗಾದರೂ ಬಿಚ್ಚಿ ಕೊಟ್ಟರೆ ಒಣಗಿದ್ದು ಪುಡಿಯಾಗಿ ಉದುರುತ್ತದೆ; ಹೊಸ ತೊಪ್ಪಲಿಟ್ಟು ಮತ್ತೆ ಕಟ್ಟುತ್ತಾರೆ, ಜೊತೆಗೆ ಬಿಚ್ಚಿಸಿದವರ ಹೆಸರಿನ ಚೀಟಿ. ಶ್ರಾವಣದಲ್ಲಿ ಬೇವಿಗೆ ಹೂವೆಲ್ಲಿಂದ ಬರಬೇಕು?

ಅಧ್ಯಕ್ಷರು ತಾವೇ ಮೊದಲ ರುಮಾಲು ಬಿಚ್ಚಿದರು. ಒಣಗಿದ ಹೂವು ಅವರ ಕರಿ ಕೋಟಿನ ತೋಳಿನ ಮೇಲೆ ಉದುರಿತು. ಎರಡನೆಯದರಲ್ಲೂ ಹೂವು, ಮೂರನೆಯದರಲ್ಲೂ ಹೂವು. ಅವರು ಬಿಡಲಿಲ್ಲ, ನಲವತ್ತನ್ನೂ ಬಿಚ್ಚಿಸಿದರು. ಮೂವತ್ತೆಂಟರಲ್ಲಿ ಹೂವಿತ್ತು. ಎರಡರಲ್ಲಿ ಬರೀ ಎಲೆ. ಅವೆರಡರಲ್ಲೂ ಸಿರಸಂಗಿಯ ಒಬ್ಬ ರೈತರ ಹೆಸರಿನ ಚೀಟಿಗಳಿದ್ದವು. ಮುಂಬಯಿಯವರ ಹೆಸರಿನ ಚೀಟಿ ಒಂದೂ ಇರಲಿಲ್ಲ.

ನ್ಯಾಯಮಂಡಳಿಗಳ ಕೆಲಸ ಮುಗಿಯುವತನಕ ಈ ಕೋಣೆಯ ಒಂದು ಹಾಳೆಯೂ ಕದಲಕೂಡದು ಎಂಬ ಆದೇಶ ಕಳೆದ ತಿಂಗಳು ಬಂದಿದೆ. ಕಂಪನಿಗೆ ಹೀಗೆಯೇ ವಹಿಸಿದ ಬೇರೆ ಊರುಗಳ ಕೆಲಸವನ್ನೂ ಸಮಿತಿ ಈಗ ಕೆದಕುತ್ತಿದೆ. ಅದೇ ಟಪಾಲಿನಲ್ಲಿ ಶಟ್ಟೆಪ್ಪನವರಿಗೂ ಒಂದು ಮೆಮೊ ಬಂತು: ನೋಡದ್ದನ್ನು ನೋಡಿದರೆಂದು ಬರೆದದ್ದಕ್ಕೆ ಛೀಮಾರಿ. ಪಿಂಚಣಿ ಉಳಿಯಿತು. ಸಾವಂತ್ರೆವ್ವನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆ ಮೆಮೊ ಎಲ್ಲಿದೆ ಎಂದು ಕೇಳಿದೆ. ಹರಿದು ಬಿಸಾಕಿರಬಹುದು ಎಂದೇ ನನ್ನ ಎಣಿಕೆ. ಶಟ್ಟೆಪ್ಪ ಏಣಿ ಹತ್ತಿ ಆರು ನೂರ ಮೂವತ್ತೆರಡನೇ ರುಮಾಲು ಇಳಿಸುತ್ತಾರೆ.

"ಇದರಾಗ ಹಾಕೇನ್ರಿ. ನನ್ನ ಹೆಸರಿಂದ ಐತಿ ಅಂತ ಮುಚ್ಚಿಟ್ರ ಹ್ಯಾಂಗ? ಕಾಗದ ಅಂದಮ್ಯಾಗ ಕಾಗದ. ನಾಳೆ ಯಾರರ ಕೇಳಿದ್ರ ಸಿಗಬೇಕು."

ನಾನು ಪತ್ರಿಕೆಯವನ ಅವಸರದಲ್ಲಿ ರಜಿಸ್ಟರ್ ಎಳೆದುಕೊಂಡು, ಪೆನ್ನು ತೆಗೆದು 'ನೋಡಿದೆ' ಎಂದು ಸಹಿ ಹಾಕಲು ಬಗ್ಗುತ್ತೇನೆ. ಶಟ್ಟೆಪ್ಪ ಮೆಲ್ಲಗೆ ರಜಿಸ್ಟರ್ ಹಿಂದಕ್ಕೆ ಸರಿಸಿ, ಗಂಟು ಬಿಚ್ಚಿ ಮೆಮೊ ನನ್ನ ಮುಂದಿಡುತ್ತಾರೆ.

"ಮೊದ್ಲ ನೋಡ್ರಿ. ಸಹಿ ಆಮ್ಯಾಲ."