ಬಿಂಡಿಗನವಿಲೆ ದಾರಿಯಲ್ಲಿ ಒಂದು ಬಾಗಿಲು

ಶ್ರೀರಂಗಪಟ್ಟಣ ಬಿಡುವಾಗ ನನ್ನ ಲಗೇಜ್ ಆಟೋದ ಹಿಂದೆ ಒಂದು ಬಾಗಿಲ ಚೌಕಟ್ಟು ನೆಟ್ಟಗೆ ನಿಂತಿತ್ತು. ಮಲಗಿಸಿದ್ದರೆ ಅರ್ಧ ಹಗ್ಗದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ನನ್ನ ಅಪ್ಪ ಬಡಗಿ. ಹೊಸ ಮನೆಯ ಮುಂಬಾಗಿಲಿನ ಚೌಕಟ್ಟನ್ನು ಹೆಣದಂತೆ ಮಲಗಿಸಿಕೊಂಡು ಹೋಗುವವನು ಬಡಗಿಯೇ ಅಲ್ಲ ಎಂದು ಅವನ ವಾದ.

ಬಿಂಡಿಗನವಿಲೆಯ ಆಚೆ ಒಂದು ಸಣ್ಣ ಊರಲ್ಲಿ ಹನ್ನೊಂದು ಗಂಟೆಗೆ ಬಾಗಿಲು ನಿಲ್ಲಿಸುವ ಮುಹೂರ್ತ. ರೆಡಿಮೇಡ್ ಬಾಗಿಲುಗಳು ಬಂದ ಮೇಲೆ ಅಪ್ಪನನ್ನು ಕರೆಯುವವರೇ ಇರಲಿಲ್ಲ. ವರ್ಷದ ಮೇಲೆ ಸಿಕ್ಕ ಕೆಲಸ ಇದು. ಆ ಊರಲ್ಲಿ ಇನ್ನೂ ಎರಡು ಮನೆ ಏಳುತ್ತಿವೆ, ಇದನ್ನು ನೋಡಿ ಅವರೂ ಕರೆದಾರು ಎಂಬ ಆಸೆ ಅವನಿಗೆ. ಅದಕ್ಕೇ ಬಿಳಿ ಅಂಗಿಗೆ ಇಸ್ತ್ರಿ ಬಿದ್ದಿತ್ತು. ನಾನು ಉಳಿ ಬಿಟ್ಟು ಸ್ಟೇರಿಂಗ್ ಹಿಡಿದವನು. ಮರದ ವಿಷಯಕ್ಕೆ ನಾನು ಬಾಯಿ ಹಾಕಿದರೆ, "ನೀನು ಸುಮ್ಕೆ ಗಾಡಿ ಓಡುಸ್ಲಾ" ಎನ್ನುವುದು ಇಪ್ಪತ್ತು ವರ್ಷದ ರೂಢಿ.

ಪಾಂಡವಪುರದಲ್ಲಿ ಟೀ ಕುಡಿದೆವು. ಹಗ್ಗ ನೋಡಿಕೊಂಡು ಬರುತ್ತೇನೆಂದು ಹಿಂದಕ್ಕೆ ಹೋದ ಅಪ್ಪ ಅಲ್ಲೇ ಬಹಳ ಹೊತ್ತು ನಿಂತಿದ್ದ. ಮತ್ತೆ ಹೊರಟ ಮೇಲೆ ಅವನ ಬಾಯಿಗೆ ಬ್ರೇಕೇ ಇಲ್ಲ. ದಾರಿಯಲ್ಲಿ ಕಂಡವರ ಬಾಗಿಲಿಗೆಲ್ಲ ಹುಳುಕು ತೆಗೆಯತೊಡಗಿದ. ಮರ ಹೇಗೆ ಬೆಳೆದಿತ್ತೋ ಬಾಗಿಲ ಕಂಬವೂ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ಇಲ್ಲದಿದ್ದರೆ ಆ ಮನೆ ಏಳಿಗೆಯಾಗದು ಎಂಬುದು ನಮ್ಮವರ ನಂಬಿಕೆ.

"ಅದ್ನೋಡ್ಲಾ, ಬುಡ ಮೇಲ್ಮಾಡವ್ರೆ! ಆ ಮನೇಲಿ ಗಂಡ ಎಂಡ್ತಿ ಒಂದಿನಾನೂ ಜೊತೇಲಿ ಕೂತು ಉಣ್ಣಾಕಿಲ್ಲ!"

ಓಡುವ ಗಾಡಿಯಿಂದ ಬೀದಿಯಾಚೆಯ ಬಾಗಿಲಿನ ಬುಡ ಅವನಿಗೆ ಹೇಗೆ ಕಂಡಿತೋ ದೇವರೇ ಬಲ್ಲ. ಚಿನಕುರಳಿಯಲ್ಲಿ ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಬಾಗ್ಲು ಬತ್ತಾದೆ, ಮನೆ ಎಲ್ಲಣ್ಣೋ?" ಎಂದ. ಅಪ್ಪ ತಲೆ ಹೊರಗೆ ಹಾಕಿ, "ಇಂದ್ಗಡೆ ಬತ್ತಾದೆ, ದಾರಿ ಬುಡು!" ಎಂದು ಗದರಿದ.

ಕೆ.ಆರ್. ಪೇಟೆ ದಾಟಿ ಒಳದಾರಿ ಹಿಡಿದ ಮೇಲೆ ಬಯ್ಯುವುದಕ್ಕೆ ಬಾಗಿಲುಗಳೇ ಸಿಗಲಿಲ್ಲ. ಬಂಡೆ, ಕುರುಚಲು ಗಿಡ, ಅಲ್ಲೊಂದು ಇಲ್ಲೊಂದು ಹುರುಳಿ ಹೊಲ. ಮೈಲಿಗಟ್ಟಲೆ ಹೋದರೂ ನರಪಿಳ್ಳೆ ಇಲ್ಲ. ಅಪ್ಪ ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ಚೌಕಟ್ಟು ನೋಡತೊಡಗಿದ. ಅವನ ಬೈಗುಳಕ್ಕಿಂತ ಅದೇ ನನಗೆ ಹೆಚ್ಚು ಕಿರಿಕಿರಿ.

ಒಂದು ಕಡೆ ಕುರಿ ಮಂದೆ ರಸ್ತೆ ತುಂಬಿಕೊಂಡಿತು. ಹೇಗೂ ಕಾಯಬೇಕಲ್ಲ ಎಂದು ನಾನು ಇಳಿದು ಗಾಡಿಯ ಹಿಂದೆ ಹೋದೆ. ಬಿಸಿಲು ಸೀದಾ ಚೌಕಟ್ಟಿನ ಮೇಲೆ ಬಿದ್ದಿತ್ತು. ಬೇವಿನ ಕಂಬದಲ್ಲಿ ಹಿಂದೆ ಕೊಂಬೆಗಳಿದ್ದ ಜಾಗಗಳು ಗಂಟುಗಳಾಗಿ ಉಳಿದಿದ್ದವು. ಕೊಂಬೆ ಮೇಲಕ್ಕೆ ಓರೆಯಾಗಿ ಚಿಗುರುತ್ತದೆ, ಗಂಟಿನ ಓರೆಯೂ ಮೇಲಕ್ಕೇ ಇರಬೇಕು. ಇಲ್ಲಿ ಒಂದೊಂದು ಗಂಟೂ ನೆಲ ನೋಡುತ್ತಿತ್ತು. ಎರಡು ಕಂಬವೂ ತಲೆಕೆಳಗು.

ಸುಳ್ಳೇಕೆ ಹೇಳಲಿ, ಮೊದಲು ಬಂದದ್ದು ಖುಷಿ. ಇಪ್ಪತ್ತು ವರ್ಷದ ಬಾಕಿ ಒಂದೇ ಸಲ ತೀರಿಸುವ ಅವಕಾಶ! ಆದರೆ ಮುಂದಿನ ಸೀಟಿನಲ್ಲಿ ಅಪ್ಪ ಬಿಳಿ ಅಂಗಿಯ ಧೂಳು ಕೊಡವಿಕೊಳ್ಳುತ್ತಿದ್ದ. ಹೇಳಿದರೆ ಅವನು ಕುಗ್ಗಿಹೋಗುತ್ತಾನೆ, ಮುಹೂರ್ತವೂ ತಪ್ಪಬಹುದು. ಹೇಳದಿದ್ದರೆ ಆ ಮನೆಯವರ ಬಾಗಿಲು ಜೀವಮಾನವಿಡೀ ಹೀಗೇ ನಿಲ್ಲುತ್ತದೆ.

"ಅಪ್ಪ, ವಸಿ ಇಳ್ದು ಬಾ."

ಬಂದವನು ಮರವನ್ನು ನೋಡಲೇ ಇಲ್ಲ. ನನ್ನ ಬೆರಳು ಗಂಟಿನ ಮೇಲಿದ್ದುದನ್ನು ನೋಡಿ ತಲೆ ತಗ್ಗಿಸಿದ.

"ಪಾಂಡವಪುರ್ದಲ್ಲೇ ಕಂಡೆ ಕಣ್ಲಾ," ಎಂದ. "ಬುಡುಕ್ಕಾಕಿದ್ದ ಗುರ್ತು ಮರ ನಯ ಮಾಡೋ ಮಿಷನ್ನಲ್ಲಿ ಅಳ್ಸೋಗಿತ್ತು. ಅಂದಾಜ್ನಲ್ಲಿ ಕೂಡುಸ್ಬುಟ್ಟೆ. ಅಲ್ಲಿ ಯಾರ್ಗೂ ಗೊತ್ತಾಗಾಕಿಲ್ಲ. ನಿಂಗೂ ಗೊತ್ತಾಗಾಕಿಲ್ಲ ಅನ್ಕಂಡಿದ್ದೆ."

"ನಂಗೆ ಗೊತ್ತಾಯ್ತಲ್ಲಪ್ಪ."

"ಊಂ. ಅದೇ ಈಗ ಪಜೀತಿ."

ದಾರಿಯುದ್ದಕ್ಕೂ ಊರವರ ಬಾಗಿಲು ಬಯ್ದದ್ದು ಯಾತಕ್ಕೆಂದು ಆಗ ತಿಳಿಯಿತು. ನಗು ಬಂತು, ಪಾಪವೂ ಅನ್ನಿಸಿತು. ಟೈಮು ನೋಡಿದೆ, ಒಂಬತ್ತೂವರೆ. "ಬಿಚ್ಚಾನ," ಎಂದೆ.

ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಚೌಕಟ್ಟನ್ನು ಇಳಿಸಿದೆವು. ಹೆಣದ ಮಾತನ್ನು ನಾನು ಎತ್ತಲಿಲ್ಲ. ಮರದ ಮೊಳೆ ಕಿತ್ತು, ಎಡದ ಕಂಬ ಬಲಕ್ಕೆ, ಬಲದ್ದು ಎಡಕ್ಕೆ, ತಲೆ ಬುಡ ತಿರುಗಿಸಿ ಕೂರಿಸಿದರೆ ಸರಿಹೋಗುತ್ತಿತ್ತು. ಅಪ್ಪ ಸಾಮಾನಿನ ಚೀಲ ಬಿಚ್ಚಿದ. ಮರದ ಸುತ್ತಿಗೆಯನ್ನು ನನ್ನ ಕೈಗೆ ತುರುಕಿ, "ಮೆಲ್ಲುಕ್ಕೆ! ಕಡ್ಲೆಕಾಯಿ ಸುಲ್ದಂಗೆ ಒಡಿ!" ಎಂದು ಪಕ್ಕದಲ್ಲಿ ಕುಕ್ಕರಿಸಿದ. ಕೂಡಿಸಿದ ಮೇಲೆ ಓರೆ ನೋಡಲು ಚೌಕಟ್ಟನ್ನು ಎತ್ತಿ ಹಿಡಿದೆವು. ಎರಡು ಕುರಿ ಗಂಭೀರವಾಗಿ ಹೊಸ್ತಿಲು ದಾಟಿ ಆ ಕಡೆ ಹೋದವು.

"ಗೃಹಪ್ರವೇಸ ಆಯ್ತು," ಎಂದೆ. ಅಪ್ಪ ಕೆಮ್ಮು ಬರುವಷ್ಟು ನಕ್ಕ.

ಊರು ತಲುಪಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಮನೆಯ ಯಜಮಾನ ಬೀದಿಗೇ ಬಂದು ನಿಂತಿದ್ದ. ಹಿಂದೆ ನೆಂಟರು, ಪುರೋಹಿತರು, ಊರಲ್ಲಿ ಇನ್ನೆರಡು ಮನೆ ಕಟ್ಟಿಸುತ್ತಿದ್ದ ಆ ಇಬ್ಬರೂ ಇದ್ದರು. "ಯಾಕಿಷ್ಟೊತ್ತು?" ಎಂದು ಯಜಮಾನ ಕೇಳಿದ. ದಾರಿಯಲ್ಲೇ ಸುಳ್ಳು ಹೊಂದಿಸಿಕೊಂಡಿದ್ದೆನಲ್ಲ, "ಪಂಚರ್ ಆಗಿತ್ತು ಕಣಣ್ಣ," ಎಂದೆ.

"ಪಂಚರೂ ಇಲ್ಲ ಗಿಂಚರೂ ಇಲ್ಲ," ಅಪ್ಪ ಗಾಡಿಯಿಂದ ಇಳಿಯುತ್ತಲೇ ಹೇಳಿದ. "ಕಂಬ ತಲೆಕೆಳ್ಗಾಗಿ ಕೂಡುಸ್ಬುಟ್ಟಿದ್ದೆ. ದಾರೀಲಿ ಬಿಚ್ಚಿ ಸರಿ ಮಾಡ್ಕಂಡು ಬಂದೊ."

ಆ ಇಬ್ಬರು ಮುಖ ಮುಖ ನೋಡಿಕೊಂಡರು. ಮುಗಿಯಿತು ಕಥೆ, ಇನ್ನು ಈ ಊರಿಗೆ ಅಪ್ಪನನ್ನು ಯಾರು ಕರೆದಾರು ಎಂದುಕೊಂಡೆ. ಯಜಮಾನ ಚೌಕಟ್ಟನ್ನು ಮೇಲಿಂದ ಕೆಳಗೆ ನೋಡಿದ.

"ಈಗ ಸರ್ಯಾಗಿ ಅದಾ ಆಚಾರ್ರೇ?"

ಅಪ್ಪ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿಕೊಂಡ.

"ನನ್ನೇನ್ ಕೇಳೀರಿ? ಇವುನ್ನ ಕೇಳಿ."