ಬೆಲ್ಟ್ ಕಟ್ಟಿಕೊಂಡು ಅತ್ತೆಯನ್ನು ಎತ್ತಿದ್ದು

ಜನವರಿಯ ಒಂದು ಬೆಳಿಗ್ಗೆ ಅತ್ತೆಯನ್ನು ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸುವಾಗ ನನ್ನ ಸೊಂಟ ಹಿಡಿದುಕೊಂಡಿತು. ನೆಟ್ಟಗಾಗಲು ಬರಲಿಲ್ಲ. ಬಗ್ಗಲೂ ಬರಲಿಲ್ಲ. ಗೋಡೆ ಹಿಡಿದು ನಿಂತೆ.

ಅತ್ತೆಗೆ ಸ್ಟ್ರೋಕ್ ಆಗಿ ಆಗ ಐದು ತಿಂಗಳು. ಎಡಗೈ, ಎಡಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ನಿಧಾನ. ಗಂಡ ಸೈನ್ಯದಲ್ಲಿ, ಗಡಿಯ ಕಡೆ. ಇಲ್ಲಿ ಉತ್ತರದಲ್ಲಿ, ರೋಹಿಣಿ ಬಡಾವಣೆಯ ಫ್ಲ್ಯಾಟಿನಲ್ಲಿ ನಾವಿಬ್ಬರೇ. ನನ್ನದು ಮನೆಯಿಂದಲೇ ಆಫೀಸು ಕೆಲಸ; ಒಂಬತ್ತಕ್ಕೆ ಮೊದಲ ಕಾಲ್. ಅಟೆಂಡೆಂಟ್ ಇಟ್ಟುಕೋ ಎಂದು ಗಂಡ ಫೋನಿನಲ್ಲಿ ಹೇಳುತ್ತಲೇ ಇದ್ದರು. ಹಿಂದಿ ಬಾರದ ಅತ್ತೆಯನ್ನು ಹೊರಗಿನವರ ಕೈಗೆ ಕೊಡಲು ನನಗೆ ಮನಸ್ಸಿರಲಿಲ್ಲ. ನಿಜ ಹೇಳಬೇಕೆಂದರೆ, ಸೊಸೆಯೆಂದರೆ ಇವಳು ಅನ್ನಿಸಿಕೊಳ್ಳುವ ಚಪಲವೂ ಇತ್ತು.

ಎಂಆರ್‌ಐನಲ್ಲಿ ಡಿಸ್ಕ್ ಬಲ್ಜ್, ಅಂದರೆ ಬೆನ್ನುಮೂಳೆಯ ನಡುವಿನ ಮೆತ್ತೆ ಉಬ್ಬಿದ್ದು, ಕಾಣಿಸಿತು. ಡಾಕ್ಟರ್ ಸೊಂಟಕ್ಕೆ ಬೆಲ್ಟ್ ಬರೆದುಕೊಟ್ಟರು. ಓಡಾಡುವಾಗ ಮಾತ್ರ, ಕೆಲವೇ ವಾರ. ವ್ಯಾಯಾಮ ತಪ್ಪಿಸಬೇಡಿ, ಭಾರ ಎತ್ತಲೇಬೇಡಿ ಎಂದರು. ನನ್ನ ಕಿವಿಗೆ ಬಿದ್ದದ್ದು ಬೆಲ್ಟ್ ಎಂಬ ಒಂದೇ ಮಾತು.

ಮೆಡಿಕಲ್ ಸ್ಟೋರಿನ ಭಯ್ಯಾ ಅಳತೆ ನೋಡಿ ಕೊಟ್ಟ. ಮನೆಗೆ ಬಂದು ಉಸಿರು ಬಿಗಿಹಿಡಿದು ಎಳೆದು ಕಟ್ಟಿಕೊಂಡೆ. ಯಾರೋ ಹಿಂದಿನಿಂದ ಆನಿಸಿ ಹಿಡಿದ ಹಾಗಾಯಿತು. ನೋವು ಅರ್ಧ ಇಳಿಯಿತು. ಚಲೋ, ಗೆದ್ದೆ ಅಂದುಕೊಂಡೆ. ಸ್ವೆಟರಿನ ಕೆಳಗೆ ಹಗಲೆಲ್ಲ ಕಟ್ಟಿದ್ದೆ, ಮಲಗಿದ ಮೇಲೂ ಬಿಚ್ಚಲಿಲ್ಲ. ಅತ್ತೆ “ಇರು, ಇರು” ಎನ್ನುವಷ್ಟರಲ್ಲಿ ಎತ್ತಿ ಕೂರಿಸಿ ಕಾಲ್‌ಗೆ ಓಡುತ್ತಿದ್ದೆ. ವ್ಯಾಯಾಮಕ್ಕೆ ಪುರುಸೊತ್ತು ಎಲ್ಲಿ? ಎರಡು ತಿಂಗಳು ಕಳೆಯುವಷ್ಟರಲ್ಲಿ, ಬೆಲ್ಟ್ ಇಲ್ಲದೆ ಹಲ್ಲುಜ್ಜಲು ನಿಲ್ಲುವುದೂ ಕಷ್ಟವಾಯಿತು.

ಆಮೇಲೆ ಬಿದ್ದೆವು.

ಅತ್ತೆ ನನ್ನ ತೋಳಿನಲ್ಲಿರುವಾಗಲೇ ನನ್ನ ಕಾಲು ಸೋತಿತು. ಅವರು ಬಿದ್ದದ್ದು ನನ್ನ ಮೇಲೆ, ಅದೊಂದು ಪುಣ್ಯ. ಪೆಟ್ಟಾಗಲಿಲ್ಲ. ಪಕ್ಕದ ಮನೆಯವರು ಬಂದು ಎಬ್ಬಿಸುವವರೆಗೆ ಇಬ್ಬರೂ ನೆಲದ ಮೇಲೆ ಮಲಗಿದ್ದೆವು. ಅತ್ತೆಗೆ ಏನಾದರೂ ಆಗಿದ್ದರೆ ಎಂದು ಯೋಚಿಸಿ ಅಂದೇ ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿದೆ.

ಮನೆಗೆ ಬಂದ ಫಿಸಿಯೋಥೆರಪಿಸ್ಟ್ ನನ್ನನ್ನು ಪರೀಕ್ಷಿಸಿ, ಬೆಲ್ಟೇ ಎಲ್ಲ ಕೆಲಸ ಮಾಡಿ ಬೆನ್ನಿನ ಸ್ನಾಯುಗಳು ಸೋಮಾರಿಯಾಗಿವೆ ಎಂದರು. ಜಾಣನಿಗೆ ಮಾತಿನ ಪೆಟ್ಟು, ಕೋಣನಿಗೆ ದೊಣ್ಣೆ ಪೆಟ್ಟು. ನಾನು ಯಾವ ಪೈಕಿ ಎಂದು ಗೊತ್ತಾಯಿತು.

ಹೊರಡುವ ಮುನ್ನ ಅವರು ಅತ್ತೆಯ ಕಡೆ ತಿರುಗಿದರು. ಮಂಚದ ಅಂಚಿಗೆ ಕೂರಿಸಿ, ಬಲಗೈಗೆ ಗಟ್ಟಿ ಕುರ್ಚಿಯೊಂದನ್ನು ಕೊಟ್ಟು, ನಿಲ್ಲಲು ಹೇಳಿ ಎಂದರು. ನಾನು ಅಭ್ಯಾಸಬಲದಿಂದ ಕೈಹಾಕಲು ಹೋದೆ. ಬೇಡ ಎಂದು ತಡೆದರು. ಅತ್ತೆ ಸ್ವಲ್ಪ ಜರುಗಿದರು. ಸುಧಾರಿಸಿಕೊಂಡರು. ಬಲಗಾಲೂರಿ ಮುಂದಕ್ಕೆ ಬಾಗಿದರು. ಮತ್ತೆ ಕುಳಿತರು. ಮತ್ತೆ ಬಾಗಿದರು.

ಎದ್ದು ನಿಂತರು.

ಇದಾಗುತ್ತದೆ ಎಂದು ಮೊದಲೇ ಹೇಳಬಾರದಿತ್ತೇ ಎಂದು ಅತ್ತೆಯನ್ನು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

“ನಂಗೆ ಹತ್ತು ನಿಮಿಷ ಬೇಕು ಮಗಾ. ನಿನ್ನ ಹತ್ರ ಇರ್ಲಿಲ್ಲ.”

ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಬೆಲ್ಟ್ ನನ್ನ ಬೆನ್ನಿಗೆ ಮಾಡಿದ್ದನ್ನೇ ನಾನು ಅತ್ತೆಗೆ ಮಾಡಿದ್ದೆ. ಅದಕ್ಕೆ ಸೇವೆ ಎಂಬ ಹೆಸರು ಬೇರೆ.

ನೋವು ಪೂರ್ತಿ ಹೋಗಿಲ್ಲ. ಕಾಲ್ಬೆರಳು ಈಗಲೂ ಜೋಮು ಹಿಡಿಯುತ್ತದೆ. ಬೆಲ್ಟ್ ಕಟ್ಟುವುದು ದೂರದ ಓಡಾಟಕ್ಕೆ ಮಾತ್ರ. ಮಧ್ಯಾಹ್ನ ಒಬ್ಬಳು ಅಟೆಂಡೆಂಟ್ ಬರುತ್ತಾಳೆ. ಅತ್ತೆ ಅವಳಿಗೆ ಕನ್ನಡದಲ್ಲೇ ಹುಕುಂ ಮಾಡುತ್ತಾರೆ, ಅವಳಿಗೆ ಎಲ್ಲ ಅರ್ಥವಾಗುತ್ತದೆ. ಆಫೀಸಿನ ಮೊದಲ ಕಾಲ್ ಅನ್ನು ಅರ್ಧ ಗಂಟೆ ಮುಂದೂಡಿಸಿಕೊಂಡಿದ್ದೇನೆ. ಬೆಳಿಗ್ಗೆ ಅತ್ತೆ ಏಳುವಾಗ, ಬಿದ್ದರೆ ಹಿಡಿಯುವಷ್ಟು ಹತ್ತಿರ, ಕೈಚಾಚದೆ ನಿಂತಿರುತ್ತೇನೆ. ಎತ್ತುವುದಕ್ಕಿಂತ ಇದೇ ಕಷ್ಟ.