ಮದ್ಯ ವಿರೋಧಿ ಸಂಘದ ಅಧ್ಯಕ್ಷೆಗೆ ಫ್ಯಾಟಿ ಲಿವರ್

ನಿವೃತ್ತಿಗೆ ಮುಂಚಿನ ವರ್ಷ ನಾನು ಮೈಸೂರಿನ ಮೇಟಗಳ್ಳಿ ಭಾಗದಲ್ಲಿ ಆರೋಗ್ಯ ಶಿಕ್ಷಣಾಧಿಕಾರಿಯಾಗಿದ್ದೆ. ಸುತ್ತಲ ಹಳ್ಳಿಗಳಿಂದ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದವರೇ ಅಲ್ಲಿ ಹೆಚ್ಚು. ಹೊಟ್ಟೆನೋವು ಬಂದರೆ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗುತ್ತಿದ್ದರೇ ಹೊರತು ಸ್ಕ್ಯಾನಿಂಗ್ ಮಾಡಿಸಿಕೊಂಡವರು ಕಡಿಮೆ. ಹಾಗಾಗಿ ಸಮುದಾಯ ಭವನದಲ್ಲಿ ಫ್ಯಾಟಿ ಲಿವರ್, ಅಂದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಳ್ಳುವ ಕಾಯಿಲೆಗೆ ಉಚಿತ ತಪಾಸಣೆ ಏರ್ಪಡಿಸಿದೆವು.

ಜನರನ್ನು ಕರೆತಂದವರು ಚಿಕ್ಕತಾಯಮ್ಮ, ಮದ್ಯ ವಿರೋಧಿ ಮಹಿಳಾ ಸಂಘದ ಅಧ್ಯಕ್ಷೆ. ಬೀದಿ ಕೊನೆಯ ಬಾರ್ ಮುಂದೆ ಧರಣಿ ಕೂತು ಅದನ್ನು ಎತ್ತಿಸಿದವರು. ಹಿಂಜರಿಯುತ್ತಿದ್ದವರಿಗೆ ಧೈರ್ಯ ಬರಲೆಂದು ತಾವೇ ಮೊದಲು ಹೋಗಿ ಮಲಗಿದರು. ಪರದೆಯ ಹಿಂದಿನಿಂದ ಡಾಕ್ಟರು, "ನಿಮ್ಮ ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಇದೆಯಮ್ಮ" ಎಂದದ್ದು ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು.

ಸಂಜೆಯೊಳಗೆ ಬೀದಿಯಲ್ಲಿ ಒಂದೇ ಸುದ್ದಿ: ತಾಯಮ್ಮನಿಗೆ ಲಿವರ್ ಹೋಗಿದೆಯಂತೆ. ಅಲ್ಲಿ ಲಿವರ್ ಹೋಗುವುದೆಂದರೆ ಕುಡಿದೇ ಹೋಗಬೇಕು. ಬಾರ್ ಮುಚ್ಚಿದ ಸಿಟ್ಟಿನಲ್ಲಿದ್ದ ಆಟೋ ಶಿವಣ್ಣನಿಗಂತೂ ಹಬ್ಬ. ಅವರ ಮನೆ ಮುಂದೆ ಆಟೋ ನಿಲ್ಲಿಸಿ, "ತಾಯಕ್ಕ, ನಮ್ ಬಾರ್ ಮುಚ್ಚಿಸ್ಬುಟ್ಟು ನೀವೆಲ್ಲಿ ತಗೋತಿದ್ರಿ? ಅಡ್ರೆಸ್ ಏಳಿ" ಎಂದನಂತೆ.

ಮರುದಿನ ನಾನು ಹೋದಾಗ ಆಕೆ ಬಾಗಿಲು ಅರ್ಧವೇ ತೆರೆದರು. ಅತ್ತು ಕಣ್ಣು ಕೆಂಪಾಗಿತ್ತು. "ಮೇಡಮ್ಮೋರೆ, ನಾನು ಆಸ್ಪತ್ರೆಗೆ ಬರಕಿಲ್ಲ. ಅಲ್ಲಿಗೋದ್ರೆ ನಿಜವೇ ಅಂದ್ಕೋತಾರೆ. ರಾಜೀನಾಮೆ ಕೊಡ್ಲಿ ಅಂತ ಸಂಘದೋರೇ ಗುಸುಗುಸು ಅಂತಾವ್ರೆ."

ನನಗೆ ರಾಜೀನಾಮೆಗಿಂತ ಲಿವರಿನದೇ ಚಿಂತೆ. ಹಾಗೇ ಬಿಟ್ಟರೆ ಅದು ಗಟ್ಟಿಯಾಗಿ ಪೂರಾ ಕೆಡಬಹುದಿತ್ತು. ಒಳಗೆ ಕೂತು ದಿನಚರಿ ಕೇಳಿದೆ. ಸಂಘದ ಕೆಲಸಕ್ಕೆ ಸೊಸೆಯ ಸ್ಕೂಟರಿನ ಹಿಂದೆ ಕೂತು ಮನೆಮನೆ ಸುತ್ತುವುದು. ಹೋದಲ್ಲೆಲ್ಲ ಸಕ್ಕರೆ ಮುಂದಾದ ಟೀ, ಜೊತೆಗೆ ಬೋಂಡ. ಬೇಡವೆಂದರೆ ಅವರಿಗೆ ಬೇಜಾರು.

"ನೀವು ಕುಡಿದಿರೋದಂತೂ ನಿಜ, ತಾಯಮ್ಮ. ಟೀನ" ಎಂದೆ. ಮೊದಲು ದುರುಗುಟ್ಟಿ ನೋಡಿದರು, ಆಮೇಲೆ ನಕ್ಕುಬಿಟ್ಟರು.

ಆ ಭಾನುವಾರ ಸಂಘದ ಸಭೆಗೆ ನಾನು ಭಾಷಣ ಸಿದ್ಧಮಾಡಿಕೊಂಡು ಹೋಗಿದ್ದೆ. ತಾಯಮ್ಮ ಮೈಕ್ ಕಿತ್ತುಕೊಂಡರು. "ನನ್ ಲಿವರ್ ಕೊಬ್ಬಿರೋದು ದಿಟ. ಕೊಬ್ಬಿಸ್ದೋರು ನೀವೇ ಕಣ್ರಮ್ಮ! ಯಾರ್ಯಾರು ಎಷ್ಟೆಷ್ಟು ಸಕ್ಕರೆ ಆಕಿ ಕೊಟ್ರಿ, ಏಳ್ರಮ್ಮ?"

ಸಭೆ ಗೊಳ್ಳೆಂದಿತು. ಸಿಹಿ, ಕರಿದ ತಿಂಡಿ, ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಇವುಗಳಿಂದ ಕುಡಿಯದವರಿಗೂ ಇದು ಬರುತ್ತದೆಂದು ನಾನು ವಿವರಿಸುವಷ್ಟರಲ್ಲಿ ಹೆಂಗಸರು ತಮ್ಮ ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ತಾಯಮ್ಮ ಬಾಗಿಲಲ್ಲಿ ನಿಂತಿದ್ದ ಶಿವಣ್ಣನತ್ತ ತಿರುಗಿದರು: "ಲೋ, ಬರೀ ಬೋಂಡ ತಿಂದ ನಂಗೇ ಇಂಗಾದ್ರೆ, ಬೋಂಡ ನೆಂಚ್ಕೊಂಡು ಕುಡ್ದ ನಿಂಗೆ ಎಂಗಾಗಿರ್ಬೇಕು? ನಡಿ ಸ್ಕ್ಯಾನಿಂಗ್‌ಗೆ!"

ಅವನು ಹೋದ. ಅವನ ಲಿವರಿನ ಸ್ಥಿತಿ ತಾಯಮ್ಮನದಕ್ಕಿಂತ ಕೆಟ್ಟದಾಗಿತ್ತು. ಮುಖ ಸಣ್ಣದು ಮಾಡಿಕೊಂಡು ಚಿಕಿತ್ಸೆಗೆ ಒಪ್ಪಿದ. ತಾಯಮ್ಮ ಸ್ಕೂಟರ್ ಬಿಟ್ಟು ನಡೆಯತೊಡಗಿದರು, ತೂಕ ಇಳಿಸಿದರು. ಕೆಲವು ತಿಂಗಳ ನಂತರದ ಸ್ಕ್ಯಾನಿನಲ್ಲಿ ಕೊಬ್ಬು ಕಡಿಮೆಯಾಗಿತ್ತು. ಅಧ್ಯಕ್ಷಗಿರಿಯೂ ಉಳಿಯಿತು.

ಕಾಯಿಲೆಯ ಹೆಸರು ಹೇಳುವ ಮೊದಲು, ಅದನ್ನು ಕೇಳಿದ ಬೀದಿ ಏನಂದುಕೊಳ್ಳುತ್ತದೆ ಎಂಬುದು ಗೊತ್ತಿರಬೇಕು. ನನ್ನ ಕೆಲಸ ಕಲಿಸಿದ್ದು ಇದನ್ನೇ. ಉಳಿದ ಶಿಬಿರಗಳಲ್ಲೆಲ್ಲ ನಾನು ಮಾತು ಶುರುಮಾಡುತ್ತಿದ್ದುದು ಹೀಗೆ: "ಕುಡಿಯೋ ಅಭ್ಯಾಸ ಇಲ್ಲದೋರು ದಯವಿಟ್ಟು ಮುಂದಿನ ಸಾಲಿಗೆ ಬನ್ನಿ."